'ಇವ್ಯಾಂಜೆಲಿಕಲ್' ಪದಕ್ಕೆ ಕನ್ನಡದಲ್ಲೇನು? (ತುರ್ತು)

ಗೆಳೆಯರೇ, ನಾಳೆ ಪುಟ ಅಚ್ಚಿಗೆ ಹೋಗಬೇಕು. ಅಮೆರಿಕದ ಲೇಖನವೊಂದರ ಅನುವಾದ. ಬರೆದವರು ಚರ್ಚಿನಲ್ಲೇ ಬೆಳೆದವರು. ಯೇಸುವನ್ನು ಬಿಟ್ಟಿಲ್ಲ, ಟ್ರಂಪ್ ಗೆದ್ದ 2016ರ ಚುನಾವಣೆಯ ಬಳಿಕ 'ಇವ್ಯಾಂಜೆಲಿಕಲ್' (ಬೈಬಲ್ಲನ್ನೇ ಗಟ್ಟಿಯಾಗಿ ನಂಬುವ ಪ್ರೊಟೆಸ್ಟೆಂಟ್ ಕ್ರೈಸ್ತರು) ಎಂಬ ಹೆಸರನ್ನು ಬಿಟ್ಟಿದ್ದಾರೆ. 'ಮತಪ್ರಚಾರಕ' ನನಗೆ ಒಗ್ಗುತ್ತಿಲ್ಲ. 'ಸುವಾರ್ತಾವಾದಿ' ಆದೀತೇ?

---

'ಮತಪ್ರಚಾರಕ' ಬೇಡವೇ ಬೇಡ. ಅದು ಸಾರಲು ಹೊರಟವರ ಕೆಲಸದ ಹೆಸರು, ಭಾನುವಾರ ಬೆಂಚಿನಲ್ಲಿ ಕೂತು ಕೇಳುವವರದ್ದಲ್ಲ. ಗ್ರೀಕಿನ 'ಎವಾಂಗೆಲಿಯೊನ್' ಎಂದರೆ ಒಳ್ಳೆಯ ಸುದ್ದಿ. ಪ್ರೊಟೆಸ್ಟೆಂಟರ ಕನ್ನಡ ಬೈಬಲ್ಲಿನಲ್ಲಿ ಅದು 'ಸುವಾರ್ತೆ', ಕಥೋಲಿಕರಲ್ಲಿ 'ಶುಭಸಂದೇಶ'. ಸುವಾರ್ತಾವಾದಿ ಎಂದೇ ಹಾಕಿ.

---

ಸು, ವಾರ್ತೆ, ವಾದಿ: ಮೂರೂ ಸಂಸ್ಕೃತ. ನಲಿವಿನ ಸುದ್ದಿಗೆ ಹಳಗನ್ನಡದಲ್ಲಿ 'ಒಸಗೆ' ಇದೆ. 'ಒಸಗೆಯವರು' ಎನ್ನಿ. ಬಳಸದೆ ಕೊಳೆಹಾಕಿದರೆ ನುಡಿ ಬೆಳೆಯದು.

---

ಒಸಗೆ ಎಂದರೆ ಮದುವೆ ಮನೆ ನೆನಪಾಗುತ್ತದೆ. ಬೇರು ಅಗೆದು ಫಲವಿಲ್ಲ: ಇದೇ ಬೇರಿನ ಪದಕ್ಕೆ ಜರ್ಮನಿಯಲ್ಲಿ ಬರೀ ಪ್ರೊಟೆಸ್ಟೆಂಟ್ ಎಂದರ್ಥ. ಅಮೆರಿಕದ ಕಥೆ ಬೇರೆ. 1976ರಲ್ಲಿ ತಾನು 'ಹೊಸದಾಗಿ ಹುಟ್ಟಿದವನು', ಅಂದರೆ ಯೇಸುವನ್ನು ನಂಬಿ ಮರುಹುಟ್ಟು ಪಡೆದವನು ಎಂದು ಹೇಳಿಕೊಂಡೇ ಗೆದ್ದ ಜಿಮ್ಮಿ ಕಾರ್ಟರ್ ಡೆಮಾಕ್ರಟ್. 1979ರಲ್ಲಿ ಬ್ಯಾಪ್ಟಿಸ್ಟ್ ಪಾದ್ರಿ ಜೆರ್ರಿ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಎಂಬ ರಾಜಕೀಯ ಸಂಘಟನೆ ಕಟ್ಟಿದರು, ಮರುವರ್ಷ ರಿಪಬ್ಲಿಕನ್ ರೇಗನ್ ಬೆನ್ನಿಗೆ ನಿಂತರು. 2016ರ ಮತಗಟ್ಟೆ ಸಮೀಕ್ಷೆಯಲ್ಲಿ ಬಿಳಿಯ ಇವ್ಯಾಂಜೆಲಿಕಲರಲ್ಲಿ ಹತ್ತಕ್ಕೆ ಎಂಟು ಮಂದಿ ಟ್ರಂಪ್ ಕಡೆ. 'ಬಿಳಿಯ' ಎಂಬುದನ್ನು ಗಮನಿಸಿ. ಅದೇ ಬೈಬಲ್ಲು, ಅದೇ ಮರುಹುಟ್ಟಿನ ನಂಬಿಕೆಯ ಕಪ್ಪು ಬ್ಯಾಪ್ಟಿಸ್ಟರು ಬಹುಪಾಲು ಡೆಮಾಕ್ರಟರಿಗೇ ಓಟು ಹಾಕುತ್ತಾರೆ. ನಂಬಿಕೆಯ ಹೆಸರು ಓಟಿನ ಹೆಸರಾಗಿದೆ. ಹೆಸರಾಂತ ಇವ್ಯಾಂಜೆಲಿಕಲ್ ಬೋಧಕ ಬಿಲ್ಲಿ ಗ್ರಹಾಂ ಹುಟ್ಟುಹಾಕಿದ 'ಕ್ರಿಶ್ಚಿಯಾನಿಟಿ ಟುಡೇ' ಪತ್ರಿಕೆ 2019ರ ಡಿಸೆಂಬರಿನಲ್ಲಿ ಟ್ರಂಪ್ ಅಧಿಕಾರದಿಂದ ಇಳಿಯಬೇಕೆಂದು ಬರೆದಾಗ ಒಳಗಿನವರೇ ತಿರುಗಿಬಿದ್ದರು.

ಆ ಲೇಖಕರು ಬಿಟ್ಟದ್ದು ಈ ಪಾಳಯವನ್ನು. 'ಸುವಾರ್ತಾವಾದ ಬಿಟ್ಟೆ' ಎಂದು ಬರೆದರೆ ಬೈಬಲ್ಲನ್ನೇ ಬಿಟ್ಟರೆಂದು ಓದುಗರು ತಿಳಿಯುತ್ತಾರೆ. ಅವರಿಗೆ ಅನ್ಯಾಯವಾಗುತ್ತದೆ. ಇವ್ಯಾಂಜೆಲಿಕಲ್ ಎಂದೇ ಇಡಿ.

---

ಹಾಗಾದರೆ ಅನುವಾದವೇಕೆ? ಕಷ್ಟವೆನಿಸಿದಾಗಲೆಲ್ಲ ಇಂಗ್ಲಿಷನ್ನು ಲಿಪಿ ಬದಲಿಸಿ ತಂದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

---

ಪಾದ್ರಿ, ಇಗರ್ಜಿ ಪೋರ್ಚುಗೀಸರಿಂದ ಬಂದವು. ಕರಾವಳಿಯಲ್ಲಿ ಯಾರಿಗೂ ಅವು ಪರಕೀಯವಲ್ಲ.

---

ಅವಕ್ಕೆ ಶತಮಾನಗಳು ಹಿಡಿದವು. ನಿಮ್ಮದು ನಾಳೆಯ ಪತ್ರಿಕೆಗೆ.

---

ಎಲ್ಲರಿಗೂ ವಂದನೆ. ಇವ್ಯಾಂಜೆಲಿಕಲ್ ಎಂದೇ ಇಡುತ್ತೇನೆ. ಮೊದಲ ಸಲ ಬಂದಲ್ಲಿ 'ಬೈಬಲ್ಲೇ ಅಂತಿಮ ಪ್ರಮಾಣ, ಪ್ರತಿಯೊಬ್ಬರೂ ಮರುಹುಟ್ಟು ಪಡೆಯಬೇಕು ಎನ್ನುವ ಪ್ರೊಟೆಸ್ಟೆಂಟ್ ಪಂಗಡ' ಎಂದು ಸೇರಿಸಲೇ?

---

'ಪಂಗಡ' ತಪ್ಪು. ಇದು ಒಂದೇ ಚರ್ಚಲ್ಲ; ಬ್ಯಾಪ್ಟಿಸ್ಟರಲ್ಲೂ ಇದ್ದಾರೆ, ಪೆಂಟೆಕೋಸ್ಟಲರಲ್ಲೂ ಇದ್ದಾರೆ. 'ಪ್ರೊಟೆಸ್ಟೆಂಟರು' ಎಂದು ನಿಲ್ಲಿಸಿ.