ಊಟ ಮಾಡದವನಿಗೂ ‘ಊಟವಾಗಿದೆ’ ಎನ್ನುವ ರೀಡರ್: ಟ್ಯಾಗ್ ನಕಲಾಗಿದೆಯೇ?

ಖಾನಾವಳಿ_ಲೆಕ್ಕ: ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮಾವನವರ ಖಾನಾವಳಿ ಇದೆ. ತಿಂಗಳ ಊಟಕ್ಕೆ ಸುಮಾರು 180 ಹುಡುಗರು. ಪ್ರತಿಯೊಬ್ಬನ ಬಳಿಯೂ ಒಂದು ಟ್ಯಾಗ್ ಇದೆ, ಅಂದರೆ ಹತ್ತಿರ ಹಿಡಿದರೆ ರೇಡಿಯೋ ಮೂಲಕ ತನ್ನ ಸಂಖ್ಯೆ ಹೇಳುವ ಬಿಲ್ಲೆ. ಬಾಗಿಲಲ್ಲಿ ಅದನ್ನು ಓದುವ ಇಎಂ-18 ರೀಡರ್ ಮತ್ತು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂರಿಸಿದವನು ನಾನೇ. ಒಂದು ಹೊತ್ತಿಗೆ ಒಂದು ಟ್ಯಾಗ್‌ಗೆ ಒಂದೇ ಊಟ. ಎರಡು ವಾರದಿಂದ ಕೆಲವರು ಹಸಿದು ಬಂದು ಟ್ಯಾಗ್ ಹಿಡಿದರೆ ‘ಊಟವಾಗಿದೆ’ ಎಂದು ಬರುತ್ತಿದೆ. ಮಾವನವರು ನನ್ನನ್ನೇ ನೋಡುತ್ತಾರೆ. ಚೆಕ್‌ಸಮ್ (ಸಂಖ್ಯೆ ಸರಿಯಾಗಿ ಬಂದಿದೆಯೇ ಎಂದು ತಾಳೆ ನೋಡುವ ಅಂಕಿ) ಪ್ರತಿ ಸಲವೂ ಸರಿಯಾಗಿದೆ; ಹಾಗಾದರೆ ಟ್ಯಾಗ್ ಅಸಲಿಯೇ ಅಲ್ಲವೇ?

ತಾರಿಹಾಳ_ತಂತಿ: ಅಲ್ಲ ಸರ್. ಇಎಂ-18 ಕಳುಹಿಸುವ 12 ಅಕ್ಷರಗಳಲ್ಲಿ 10 ಟ್ಯಾಗ್ ಸಂಖ್ಯೆ, ಕೊನೆಯ ಎರಡು ಚೆಕ್‌ಸಮ್. ಆ ಸಂಖ್ಯೆ ರೀಡರಿನಿಂದ ಬರುವಾಗ ಕೆಟ್ಟಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಈ ರೀಡರ್ ಓದುವ 125 ಕಿಲೋಹರ್ಟ್ಸ್‌ನ ಇಎಂ4100 ಟ್ಯಾಗ್‌ಗೆ ಗುಟ್ಟು ಎಂಬುದೇ ಇಲ್ಲ. ರೀಡರಿನ ಹತ್ತಿರ ಬಂದೊಡನೆ ಯಾರು ಕೇಳಿದರೂ ತನ್ನ ಸಂಖ್ಯೆಯನ್ನು ಒದರುತ್ತದೆ. ಅದನ್ನು ಬೇಕಾದ ಸಂಖ್ಯೆ ಬರೆಯಬಹುದಾದ ಟಿ5577 ಚಿಪ್ಪಿನ ಖಾಲಿ ಟ್ಯಾಗ್‌ಗೆ ಬರೆದರೆ ನಿಮ್ಮ ರೀಡರ್‌ಗೆ ಎರಡೂ ಒಂದೇ. ಇನ್ನೊಂದು ಮಾತು: ನಿಮ್ಮ ನಿಯಮ ತಡವಾಗಿ ಬಂದವನನ್ನು ತಡೆಯುತ್ತದೆ, ಕಳ್ಳನನ್ನಲ್ಲ. ಕಳ್ಳ ಬೇಗ ಉಂಡು ಹೋಗಿರುತ್ತಾನೆ.

ಖಾನಾವಳಿ_ಲೆಕ್ಕ: 13.56 ಮೆಗಾಹರ್ಟ್ಸ್‌ನ ಮೈಫೇರ್ ಕ್ಲಾಸಿಕ್ ಕಾರ್ಡ್ ಹಾಕಿದರೆ ಸಾಕೇ?

ತಾರಿಹಾಳ_ತಂತಿ: ಅದರ ಯುಐಡಿಯನ್ನು, ಅಂದರೆ ಕಾರ್ಡಿನ ಗುರುತು ಸಂಖ್ಯೆಯನ್ನು, ಮಾತ್ರ ನೋಡಿದರೆ ಮತ್ತದೇ ಕಥೆ, ಯುಐಡಿ ಬದಲಿಸಬಹುದಾದ ಕಾರ್ಡ್‌ಗಳಿವೆ. ಅದರ ಕ್ರಿಪ್ಟೋ-1 ಗೂಢಲಿಪಿಯನ್ನು 2008ರಲ್ಲೇ ಸಂಶೋಧಕರು ಮುರಿದರು. ಹೊಸದಾಗಿ ಹಣ ಹಾಕುವುದಾದರೆ ಡೆಸ್‌ಫೈರ್ ಎಂಬ ಕಾರ್ಡ್ ತೆಗೆದುಕೊಳ್ಳಿ. ಎಇಎಸ್ ಎಂಬ ಗೂಢಲಿಪಿಯ ಗುಪ್ತ ಕೀಲಿ ಇದ್ದರೆ ಮಾತ್ರ ಉತ್ತರಿಸಬಹುದಾದ ಹೊಸ ಸವಾಲನ್ನು ರೀಡರ್ ಪ್ರತಿ ಸಲ ಹಾಕುತ್ತದೆ, ಕೀಲಿ ಕಾರ್ಡಿನಿಂದ ಹೊರಗೆ ಬರುವುದಿಲ್ಲ. ಆದರೆ ಎಲ್ಲ ಕಾರ್ಡಿಗೂ ಒಂದೇ ಕೀಲಿ ಇಡಬೇಡಿ.

ಗದಗ_ಮುದ್ರಕ: ನಡುವೆ ಬಾಯಿ ಹಾಕುತ್ತೇನೆ. ನಮ್ಮ ಮುದ್ರಣಾಲಯದ ಕಾಗದದ ಕೋಣೆಗೆ ಕ್ಲಾಸಿಕ್ ಕಾರ್ಡನ್ನೇ ಉಳಿಸಿಕೊಂಡು, ಪ್ರತಿ ಸಲ ಒಂದು ಹೊಸ ಯಾದೃಚ್ಛಿಕ ಸಂಖ್ಯೆಯನ್ನು ಕಾರ್ಡಿನಲ್ಲೂ ಕಂಪ್ಯೂಟರಿನಲ್ಲೂ ಬರೆಯುವಂತೆ ಮಾಡಿದ್ದೇನೆ. ನಕಲು ಒಮ್ಮೆ ಬಳಕೆಯಾದರೆ ಅಸಲಿಯ ಸಂಖ್ಯೆ ಹಿಂದುಳಿಯುತ್ತದೆ, ಗುಟ್ಟು ಬಯಲಾಗುತ್ತದೆ. ಮೊದಲ ಕಳ್ಳತನವನ್ನು ಇದು ತಡೆಯದು. ಅವಸರದವರು ಕಾರ್ಡನ್ನು ಅರ್ಧಕ್ಕೇ ಎಳೆದುಕೊಂಡರೆ ಬರಹ ಕೆಟ್ಟು ಸುಳ್ಳು ಅಪವಾದವೂ ಬರುತ್ತದೆ. ನಾನೇ ಒಬ್ಬ ಹಿರಿಯರಿಂದ ಬೈಸಿಕೊಂಡೆ. ಬರೆದದ್ದನ್ನು ಮರಳಿ ಓದಿ ನೋಡಿ. ಓದು ಸಿಗದಿದ್ದಾಗ ಮಾತ್ರ, ಮುಂದಿನ ಒಂದು ಸಲಕ್ಕೆ ಹಳೆಯ ಸಂಖ್ಯೆಯನ್ನೂ ಒಪ್ಪಿ.

ತಾರಿಹಾಳ_ತಂತಿ: ಅಲ್ಲಿಯವರೆಗೆ ಟ್ಯಾಗ್ ಹಿಡಿದಾಗ ಗಲ್ಲೆಯ ಪರದೆಯ ಮೇಲೆ ಹುಡುಗನ ಫೋಟೋ ಬರುವಂತೆ ಮಾಡಿ. ಊರಿಗೆ ಹೋದವರ ಪಟ್ಟಿ ಇದೆಯೇ?

ಖಾನಾವಳಿ_ಲೆಕ್ಕ: ಇದೆ, ಊಟ ಬಿಟ್ಟ ದಿನಗಳ ಹಣ ಕಳೆಯಲು ಮಾವನವರು ವಹಿಯಲ್ಲಿ ಬರೆದಿಡುತ್ತಾರೆ. ಈಗ ತಾಳೆ ನೋಡಿದೆ. ಪಂಚಮಿಗೆ ಹಾವೇರಿಗೆ ಹೋದ ಮೂವರ ಟ್ಯಾಗ್‌ಗಳು ಇಲ್ಲಿ ಎರಡೂ ಹೊತ್ತು ಊಟ ಮಾಡಿವೆ. ಮೂರೂ ಮಧ್ಯಾಹ್ನ ಹನ್ನೆರಡೂವರೆಗೆ, ಬಾಗಿಲು ತೆರೆದ ಐದು ನಿಮಿಷದೊಳಗೆ. ನಾಳೆ ಆ ಹೊತ್ತಿಗೆ ಗಲ್ಲೆಯ ಮೇಲೆ ನಾನೇ ಕೂರುತ್ತೇನೆ.