ಚೋಕ್ ತೆಗೆದ್ರ ಬ್ರಷ್ ಕಟರ್ ಬಂದ್ ಆಗ್ತದ, ಎಲ್ಲಿ ನೋಡಬೇಕ್ರಿ?

ಪ್ರಶ್ನೆ, ಸಿಂಧನೂರು:
52 ಸಿಸಿ ಟೂ ಸ್ಟ್ರೋಕ್ ಮಷಿನ್, ಗದ್ದಿ ಬದುವಿನ ಹುಲ್ಲು ಹೊಡಿಯೋದು. ಮೂರು ತಿಂಗಳು ಟ್ಯಾಂಕಿನಾಗ ಪೆಟ್ರೋಲ್ ಇದ್ದಂಗೇ ನಿಂತಿತ್ತು. ಈಗ ಚೋಕ್ ಹಾಕಿದ್ರ ಸ್ಟಾರ್ಟ್ ಆಗ್ತದ, ತೆಗೆದು ಆಕ್ಸಿಲರೇಟರ್ ಒತ್ತಿದ ಕೂಡ್ಲೆ ಬಂದ್. ಅರ್ಧ ಚೋಕಿನಾಗ ಓಡ್ತದ. ಪ್ಲಗ್ ಹೊಸದು, ಕಿಡಿ ಚಲೋ ಅದ. ಕಾರ್ಬುರೇಟರ್ ಪೂರ್ತಿ ಬದಲಿಸಬೇಕೇನ್ರಿ?

ಉತ್ತರ, ಗಂಗಾವತಿ:
ಅರ್ಧ ಚೋಕಿನ್ಯಾಗ ಓಡಿಸೋದು ಮೊದ್ಲು ನಿಲ್ಲಸ್ರಿ. ಟೂ ಸ್ಟ್ರೋಕಿಗೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತಿಗೆ. ಪೆಟ್ರೋಲ್ ಕಡಿಮಿ ಬಿದ್ರ ಆಯಿಲ್ಲೂ ಕಡಿಮಿ, ಪಿಸ್ಟನ್ ಕಾದು ಸಿಲಿಂಡರಿಗೆ ಗೀರು ಬೀಳತಾವ.

ಚೋಕ್ ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಎಳಸತೈತಿ. ಅದರಿಂದ ಓಡತೈತಂದ್ರ ನಿಮ್ಮ ಮಷಿನ್ನಿಗೆ ಪೆಟ್ರೋಲ್ ಸಾಲವಲ್ದು. ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕ್ರಿ. ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ನೋಡ್ರಿ. ಆವಾಗ ಓಡಿದ್ರ ಗಾಳಿ ತೂತು ಕಟ್ಟೈತಿ. ಇಲ್ಲಂದ್ರ ಒಳಗಿನ ಫಿಲ್ಟರ್ ತಂತಿ ಕೊಕ್ಕಿಲೆ ಹೊರಗೆಳದು ಬದಲಿಸ್ರಿ, ಪೈಪ್ ಬಿರುಕು ಬಿಟ್ಟೈತೇನು ಬಗ್ಗಿಸಿ ನೋಡ್ರಿ.

ಆಮೇಲೆ ಕಾರ್ಬುರೇಟರ್. ಪಂಪ್ ಕಡೆ ಮುಚ್ಚಳದ ಕೆಳಗ ಸಣ್ಣ ಜಾಳಿಗೆ ಇರತೈತಿ, ತೊಳೀರಿ. ಇನ್ನೊಂದು ಕಡೆಯ ಡಯಾಫ್ರಮ್, ಅಂದ್ರ ತೆಳ್ಳನ ಪೊರೆ, ಬೆರಳಲೆ ಮುಟ್ರಿ. ಹಾಲಿನ ಕೆನೆಯಂಗ ಮೆತ್ತಗಿರಬೇಕು. ಹಪ್ಪಳದಂಗ ಪಟ್ ಅಂದ್ರ ಅದರ ಕಥಿ ಮುಗೀತು. ಡಯಾಫ್ರಮ್ ಕಿಟ್ ಸಾಕು, ಕಾರ್ಬುರೇಟರ್ ಬ್ಯಾಡ. ಪೆಟ್ರೋಲ್ ಬರೋ ಸಣ್ಣ ತೂತು, ಅಂದ್ರ ಜೆಟ್ ಒಳಗ ತಂತಿ ಮಾತ್ರ ಚುಚ್ಚಬ್ಯಾಡ್ರಿ, ತೂತು ದೊಡ್ಡದಾಗತೈತಿ. ಕ್ಲೀನರ್ ಸ್ಪ್ರೇ ಹೊಡದು ಗಾಳಿ ಊದ್ರಿ.

ಉತ್ತರ, ಸಿರುಗುಪ್ಪ:
ಕಿಟ್ ಹಾಕಿದ ಮೇಲೂ ಹಂಗೇ ಇದ್ರೆ ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ಗ್ಯಾಸ್ಕೆಟ್ ನೋಡಿ. ಅದುರಿ ಅದುರಿ ಅಲ್ಲಿನ ಎರಡು ಬೋಲ್ಟ್ ಸಡಿಲಾಗಿ ಗಾಳಿ ಎಳೀತೈತೆ. ಬಿಗಿ ಮಾಡಿದ್ರೆ ಎಷ್ಟೋ ಸಲ ಅಲ್ಲಿಗೇ ಮುಗೀತೈತೆ. ಚೋಕ್ ಹಾಕಿದ್ರೂ ಜೋರು ಬರಲಿಲ್ಲ ಅಂದ್ರೆ ಮಾತ್ರ ಸೈಲೆನ್ಸರ್ ಬಿಚ್ಚಿ ಮಸಿ ತೆಗೀರಿ.

ಆಯಿಲ್ ಅಂದಾಜಿಗೆ ಸುರೀಬೇಡಿ. ಮಷಿನ್ ಪುಸ್ತಕದಾಗ 25:1 (25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಇದ್ರೆ ಲೀಟರ್ ಪೆಟ್ರೋಲಿಗೆ 40 ಎಂಎಲ್, 50:1 ಇದ್ರೆ 20 ಎಂಎಲ್.

ಸಿಂಧನೂರು:
ಹಪ್ಪಳದಂಗೇ ಅದ ರೀ. ಕಿಟ್ ತಂದೀನಿ. ಗ್ಯಾಸ್ಕೆಟ್ ಕೆಳಗೋ, ಡಯಾಫ್ರಮ್ ಕೆಳಗೋ?

ಗಂಗಾವತಿ:
ನಡುವೆ ಗುಂಡಗಿನ ತಗಡು ಇರೋ ಡಯಾಫ್ರಮ್ ಕಡೆ ಮೊದ್ಲು ಗ್ಯಾಸ್ಕೆಟ್, ಮ್ಯಾಲೆ ಡಯಾಫ್ರಮ್. ಪಂಪ್ ಕಡೆ ಉಲ್ಟಾ. ಹಳೇದು ಬಿಚ್ಚೋವಾಗ ಪದರ ಪದರಕ್ಕ ಫೋಟೋ ತಗೋರಿ, ಅದರಂಗೇ ಕೂಡಸ್ರಿ.