ಗುಜರಿ ತ್ರೀ ಫೇಸ್ ಮೋಟಾರ್ ಹಾಕಿ ಮರದ ಲೇಥ್‌ನ ವೇಗ ಬದಲಿಸುವುದು ಹೇಗೆ?

ಪ್ರಶ್ನೆ: ಸರ್, ನನ್ನ ಮರದ ಲೇಥ್‌ಗೆ 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಇದೆ. ಇದಕ್ಕೇ ವಿಎಫ್‌ಡಿ (ಕರೆಂಟಿನ ಹರ್ಟ್ಜ್ ಬದಲಿಸಿ ಮೋಟಾರ್ ವೇಗ ಬದಲಿಸುವ ಡ್ರೈವ್) ಹಾಕಬಹುದಾ? ಗುಜರಿಯಲ್ಲಿ 1 ಎಚ್‌ಪಿ ತ್ರೀ ಫೇಸ್ ಮೋಟಾರೂ ಸಿಕ್ಕಿದೆ. ಪ್ಲೇಟ್ ಮೇಲೆ 415 ವೋಲ್ಟ್, 1.8 ಆಂಪ್ಸ್, 1415 ಆರ್‌ಪಿಎಂ, ಸ್ಟಾರ್ ಅಂತಿದೆ. ಹೊರಗೆ ಬಂದಿರೋದು ಮೂರೇ ವೈರ್. ಮನೆಗೆ ಸಿಂಗಲ್ ಫೇಸ್ ಮಾತ್ರ.

ಉತ್ತರ (ಮೋಟಾರ್ ವೈಂಡಿಂಗ್ ಮಾಡುವವರು): ಸಿಂಗಲ್ ಫೇಸ್ ಮೋಟಾರಿಗೆ ಹಾಕಬೇಡಿ. ಕೆಪಾಸಿಟರ್ ಸ್ಟಾರ್ಟ್ ಮೋಟಾರಲ್ಲಿ ವೇಗ ಇಳಿದರೆ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಮತ್ತೆ ಕೂಡಿಕೊಂಡು ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟುಹೋಗುತ್ತೆ.

ಗುಜರಿ ಮೋಟಾರೇ ಸರಿ. ಮೊದಲು 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ವೈಂಡಿಂಗ್‌ಗೂ ಬಾಡಿಗೂ ನಡುವೆ ನೋಡಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಳಗೆ 100 ವ್ಯಾಟ್ ಬಲ್ಬ್ ಉರಿಸಿಟ್ಟು ತೇವ ಆರಿಸಿ, ಮತ್ತೆ ನೋಡಿ. ಬೇರಿಂಗ್ ಸದ್ದು ಮಾಡಿದರೆ ಈಗಲೇ ಬದಲಿಸಿ. ಮೋಟಾರಿನ ಅಳತೆ 80 ಫ್ರೇಮ್ ಆದರೆ ಸಾಮಾನ್ಯವಾಗಿ ಬೇರಿಂಗ್ ನಂಬರ್ 6204, ಶಾಫ್ಟ್ 19 ಮಿ.ಮೀ.

ನಿಜವಾದ ಕೆಲಸ ಇರೋದು ಡೆಲ್ಟಾ ಮಾಡೋದರಲ್ಲಿ. ಮೂರು ವೈಂಡಿಂಗ್‌ನ ಒಂದೊಂದು ತುದಿಯನ್ನು ಒಂದೇ ಕಡೆ ಸೇರಿಸಿದರೆ ಸ್ಟಾರ್; ಒಂದರ ತುದಿಗೆ ಇನ್ನೊಂದರ ತುದಿ ಸೇರಿಸಿ ತ್ರಿಕೋನ ಮಾಡಿದರೆ ಡೆಲ್ಟಾ, ಆಗ ಈ ಮೋಟಾರಿಗೆ 230 ವೋಲ್ಟ್ ಸಾಕು. ಸಿಂಗಲ್ ಫೇಸ್ ಇನ್‌ಪುಟ್ ವಿಎಫ್‌ಡಿ ಹೊರಗೆ ಕೊಡೋದು ತ್ರೀ ಫೇಸ್ 230 ವೋಲ್ಟ್ ಅಷ್ಟೇ. ಸ್ಟಾರ್‌ನಲ್ಲೇ ಬಿಟ್ಟರೆ ಮೋಟಾರ್ ತಿರುಗುತ್ತೆ, ಆದರೆ ಉಳಿ ಒತ್ತಿದ ಕೂಡಲೇ ನಿಲ್ಲುತ್ತೆ. ಹಿಂದಿನ ಕವರ್ ಬಿಚ್ಚಿ, ವೈಂಡಿಂಗ್ ತುದಿಯಲ್ಲಿ ಸ್ಲೀವ್ ಹಾಕಿ ಕಟ್ಟಿರುವ ಸ್ಟಾರ್ ಜಾಯಿಂಟ್ ಹುಡುಕಿ. ಹಾಟ್ ಏರ್ ಗನ್‌ನಿಂದ ವಾರ್ನಿಷ್ ಮೆತ್ತಗಾಗಿಸಿ, ನಿಧಾನವಾಗಿ ಬಿಡಿಸಿ. ಅಲ್ಲಿ ಆರು ತಂತಿ ಕಂಡರೆ ಗಾಬರಿ ಬೇಡ, ಫೇಸಿಗೆ ಎರಡೆರಡು ಪ್ಯಾರಲಲ್ ಇರುತ್ತೆ. ಮೀಟರ್ ಹಿಡಿದು ಜೋಡಿ ಮಾಡಿ. ಮೂರು ಹೊಸ ಲೀಡ್ ಬೆಸುಗೆ ಹಾಕಿ, ಸ್ಲೀವ್ ಏರಿಸಿ, ದಾರದಿಂದ ಕಟ್ಟಿ ವಾರ್ನಿಷ್ ಮಾಡಿ. ಹಳೆಯ ಮೂರು ವೈರ್ ಯು1, ವಿ1, ಡಬ್ಲ್ಯು1. ಹೊಸವು ಯು2, ವಿ2, ಡಬ್ಲ್ಯು2. ಯು1ಗೆ ಡಬ್ಲ್ಯು2, ವಿ1ಗೆ ಯು2, ಡಬ್ಲ್ಯು1ಗೆ ವಿ2 ಸೇರಿಸಿ. ಈಗ ಕರೆಂಟ್ 1.8ರ 1.73 ಪಟ್ಟು, ಅಂದರೆ ಸುಮಾರು 3.1 ಆಂಪ್ಸ್. 0.75 ಕಿಲೋವ್ಯಾಟ್ ವಿಎಫ್‌ಡಿ ಸಾಕು. ಮೋಟಾರ್ ಮೇಲೆ ‘ಡೆಲ್ಟಾ, 230 ವೋಲ್ಟ್’ ಅಂತ ಬಣ್ಣದಲ್ಲಿ ಬರೆದಿಡಿ; ಮುಂದೆ ಯಾರಾದರೂ 415ಕ್ಕೆ ಕೊಟ್ಟರೆ ವೈಂಡಿಂಗ್ ಉಳಿಯಲ್ಲ.

ಪ್ರಶ್ನೆ: ಹಾಗಾದರೆ ಬೆಲ್ಟ್ ಜಾಗ ಬದಲಿಸಿ ವೇಗ ಬದಲಿಸೋ ಸ್ಟೆಪ್ ಪುಲ್ಲಿ ತೆಗೆದುಬಿಡಬಹುದಾ? ಟ್ರೆಡ್‌ಮಿಲ್ ಮೋಟಾರ್ ಹಾಕಿದರೆ ಇಷ್ಟೆಲ್ಲ ಬೇಕಾಗಲ್ಲ ಅಂತಾರಲ್ಲ?

ಉತ್ತರ (ಯಂತ್ರ ರಿಪೇರಿ ಮಾಡುವವರು): ಪುಲ್ಲಿ ಇರಲಿ. 25 ಹರ್ಟ್ಜ್‌ನಲ್ಲಿ ಮೋಟಾರ್ ಕೊಡೋದು ಹೆಚ್ಚೆಂದರೆ ಅರ್ಧ ಎಚ್‌ಪಿ, ಫ್ಯಾನ್ ಗಾಳಿಯೂ ಕಡಿಮೆ. ದಪ್ಪ ಮರಕ್ಕೆ ಬೆಲ್ಟನ್ನು ನಿಧಾನದ ಮೆಟ್ಟಿಲಿಗೆ ಹಾಕಿ, 30ರಿಂದ 70 ಹರ್ಟ್ಜ್ ಒಳಗೆ ಓಡಿಸಿ. ಟ್ರೆಡ್‌ಮಿಲ್ ಮೋಟಾರ್ ಬ್ರಷ್ ಇರುವ ಡಿಸಿ ಮೋಟಾರ್, ಹೆಚ್ಚಿನವು ತೆರೆದ ಬಾಡಿಯವು. ಮರದ ಪುಡಿ ಒಳಗೆ ಕೂರುತ್ತೆ, ಬ್ರಷ್ ಹತ್ತಿರ ಕಿಡಿ ಏಳುತ್ತೆ. ಮರದ ಕೆಲಸಕ್ಕೆ ನಾನಂತೂ ಒಪ್ಪಲ್ಲ.

ವಿಎಫ್‌ಡಿಗೂ ಮೋಟಾರಿಗೂ ನಡುವೆ ಸ್ವಿಚ್ ಇಡಬೇಡಿ. ಸ್ಟಾರ್ಟ್-ಸ್ಟಾಪ್ ವಿಎಫ್‌ಡಿಯ ಕಂಟ್ರೋಲ್ ಟರ್ಮಿನಲ್‌ನಿಂದಲೇ ತೆಗೆದುಕೊಳ್ಳಿ. ಅರ್ತ್ ಖಂಡಿತ ಬೇಕು. ಸಪ್ಲೈ ಆಫ್ ಮಾಡಿದ ಮೇಲೂ ವಿಎಫ್‌ಡಿ ಒಳಗಿನ ಕೆಪಾಸಿಟರಲ್ಲಿ ಸುಮಾರು 325 ವೋಲ್ಟ್ ಉಳಿದಿರುತ್ತೆ, ಹತ್ತು ನಿಮಿಷ ಕಾದು ಕವರ್ ಮುಟ್ಟಿ. ವಿಎಫ್‌ಡಿಯಲ್ಲಿ ನಿಲ್ಲಿಸುವ ಸಮಯ 8-10 ಸೆಕೆಂಡ್ ಕೊಡಿ. ಕಡಿಮೆ ಕೊಟ್ಟರೆ ಭಾರದ ಮರ ತಿರುಗುತ್ತಲೇ ಇದ್ದು ಓವರ್‌ವೋಲ್ಟೇಜ್ ಟ್ರಿಪ್ ಆಗುತ್ತೆ. ಮರ ಹಿಡಿಯುವ ಚಕ್ ಥ್ರೆಡ್ ಮೇಲೆ ಕೂರುವಂಥದ್ದಾದರೆ ಗಕ್ಕನೆ ನಿಲ್ಲಿಸಿದಾಗ ಬಿಚ್ಚಿಕೊಂಡು ಮೈಮೇಲೆ ಬರುತ್ತೆ. ಅಂಥ ಲೇಥ್‌ನಲ್ಲಿ ರಿವರ್ಸನ್ನು ವಿಎಫ್‌ಡಿಯ ಪ್ಯಾರಾಮೀಟರ್‌ನಲ್ಲೇ (ಸೆಟ್ಟಿಂಗ್) ಬಂದ್ ಮಾಡಿಡಿ.